ರೈಲ್ವೆಯಲ್ಲಿ ಯಾವ ಹುದ್ದೆ ಆರಿಸಬೇಕು? ಸಂಬಳಕ್ಕಿಂತ ಮೊದಲು ರಾತ್ರಿ ಎಲ್ಲಿ ಕಳೆಯುತ್ತೀರಿ ನೋಡಿ

ರೈಲ್ವೆ ಅರ್ಜಿ ತುಂಬುವಾಗ ಹೆಚ್ಚಿನವರು ಹುದ್ದೆಗಳ ಆದ್ಯತೆಯನ್ನು ಸಂಬಳದ ಲೆವೆಲ್ ನೋಡಿ ಬರೆಯುತ್ತಾರೆ. ಲೆವೆಲ್ 6 ಮೊದಲು, ಆಮೇಲೆ 5, ಆಮೇಲೆ ಉಳಿದಿದ್ದು. "ಒಳಗೆ ಸೇರಿಕೋ, ಆಮೇಲೆ ನೋಡಿದರಾಯ್ತು" ಅಂತ ಮನೆಯವರೂ ಹೇಳುತ್ತಾರೆ. ತೊಂದರೆ ಏನೆಂದರೆ, ಒಳಗೆ ಸೇರಿದ ಮೇಲೆ ಹುದ್ದೆ ಬದಲಾಯಿಸುವುದು ಅಷ್ಟು ಸುಲಭವಲ್ಲ. ಎಂಜಿನ್ ಹತ್ತಿದವರು ಬಹುತೇಕ ಎಂಜಿನ್‌ನಲ್ಲೇ ನಿವೃತ್ತರಾಗುತ್ತಾರೆ. ಹಳಿ ನೋಡಿಕೊಳ್ಳುವ ಗ್ಯಾಂಗಿಗೆ ಸೇರಿದವರು ಇಲಾಖಾ ಪರೀಕ್ಷೆ ಬರೆದು ಹೊರಬರಲು ವರ್ಷಗಟ್ಟಲೆ ಓದಬೇಕು, ಅದೂ ದಿನವಿಡೀ ಬಿಸಿಲಲ್ಲಿ ದುಡಿದು ಬಂದ ಮೇಲೆ.

12 ಲಕ್ಷಕ್ಕೂ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆ ಇದು. ಸಂಬಳದ ಚೀಟಿಯ ಮೇಲೆ ಎಲ್ಲರದ್ದೂ ಒಂದೇ ಲಾಂಛನ. ಆದರೆ ಡಿವಿಜನ್ ಆಫೀಸಿನ ಗುಮಾಸ್ತರ ಬದುಕಿಗೂ ಗೂಡ್ಸ್ ಗಾಡಿಯ ಲೋಕೋ ಪೈಲಟ್ ಅಂದರೆ ಎಂಜಿನ್ ಓಡಿಸುವವರ ಬದುಕಿಗೂ ಸಂಬಂಧವೇ ಇಲ್ಲ. ಹಾಗಾಗಿ ನಾನು ಹುದ್ದೆಗಳನ್ನು ಮೂರು ಪ್ರಶ್ನೆ ಇಟ್ಟುಕೊಂಡು ತೂಗುತ್ತೇನೆ. ರಾತ್ರಿ ಎಲ್ಲಿ ಮಲಗುತ್ತೀರಿ? ಡ್ಯೂಟಿ ಯಾವಾಗ ಅಂತ ಎಷ್ಟು ಮೊದಲು ಗೊತ್ತಾಗುತ್ತದೆ? ತಪ್ಪಾದರೆ ಮೊದಲು ಯಾರ ಕೈಗೆ ಚಾರ್ಜ್‌ಶೀಟ್ ಬರುತ್ತದೆ?

ಮೊದಲು ದುಡ್ಡಿನ ಮಾತು ಮುಗಿಸೋಣ

ಏಳನೇ ವೇತನ ಆಯೋಗದ ಪ್ರಕಾರ ಆರಂಭದ ಮೂಲ ವೇತನ ಹೀಗಿದೆ. ಟ್ರ್ಯಾಕ್ ಮೆಂಟೇನರ್, ಪಾಯಿಂಟ್ಸ್‌ಮನ್ (ಸ್ಟೇಷನ್ನಿನಲ್ಲಿ ಹಳಿ ಬದಲಿಸುವ, ಬೋಗಿ ಜೋಡಿಸುವ ಕೆಲಸದವರು), ವರ್ಕ್‌ಶಾಪ್ ಅಸಿಸ್ಟೆಂಟ್ ಎಲ್ಲರೂ ಲೆವೆಲ್ 1, ಅಂದರೆ 18,000 ರೂಪಾಯಿ. ಅಸಿಸ್ಟೆಂಟ್ ಲೋಕೋ ಪೈಲಟ್, ಗ್ರೇಡ್ 3 ಟೆಕ್ನಿಷಿಯನ್, ಜೂನಿಯರ್ ಕ್ಲರ್ಕ್ ಲೆವೆಲ್ 2, 19,900. ಪಿಯುಸಿ ಮೇಲೆ ಸಿಗುವ ಟಿಕೆಟ್ ಕ್ಲರ್ಕ್ ಹುದ್ದೆ ಲೆವೆಲ್ 3, 21,700. ಗೂಡ್ಸ್ ಟ್ರೇನ್ ಮ್ಯಾನೇಜರ್ ಮತ್ತು ಸೀನಿಯರ್ ಕ್ಲರ್ಕ್ ಲೆವೆಲ್ 5, 29,200. ಸ್ಟೇಷನ್ ಮಾಸ್ಟರ್ ಮತ್ತು ಜೂನಿಯರ್ ಎಂಜಿನಿಯರ್ ಲೆವೆಲ್ 6, 35,400.

ಇದರ ಮೇಲೆ ತುಟ್ಟಿಭತ್ಯೆ. 2025ರ ಜುಲೈ ಲೆಕ್ಕದಲ್ಲಿ ಅದು 58%. ಹಾಗಾದರೆ ಹೊಸ ಸ್ಟೇಷನ್ ಮಾಸ್ಟರ್‌ಗೆ ಮೂಲ ವೇತನ ಮತ್ತು ಡಿಎ ಸೇರಿ 55,932, ಟ್ರ್ಯಾಕ್ ಮೆಂಟೇನರ್‌ಗೆ 28,440. ಮನೆ ಬಾಡಿಗೆ ಭತ್ಯೆ ಊರಿನ ಮೇಲೆ ಹೋಗುತ್ತದೆ. ಬೆಂಗಳೂರಲ್ಲಿ ಮೂಲ ವೇತನದ 30%. ಹುಬ್ಬಳ್ಳಿ-ಧಾರವಾಡ, ಮೈಸೂರು, ಮಂಗಳೂರು, ಬೆಳಗಾವಿ, ಕಲಬುರಗಿಯಲ್ಲಿ 20%. ಉಳಿದ ಕಡೆ 10%. ಕ್ವಾರ್ಟರ್ಸ್ ತೆಗೆದುಕೊಂಡರೆ ಇದು ಇಲ್ಲ.

ಎಲ್ಲರಿಗೂ ಸಮಾನವಾಗಿ ಸಿಗುವ ಕೆಲವು ಇವೆ. ರೈಲ್ವೆ ಆಸ್ಪತ್ರೆ, ಪಾಸು, ದಸರಾ ಹೊತ್ತಿಗೆ 78 ದಿನದ ಬೋನಸ್. ಬೋನಸ್ ಅಂದರೆ 78 ದಿನದ ಪೂರ್ತಿ ಸಂಬಳ ಅಂದುಕೊಳ್ಳಬೇಡಿ. ತಿಂಗಳಿಗೆ 7,000 ರೂಪಾಯಿ ಮಿತಿ ಹಾಕಿ ಲೆಕ್ಕ ಮಾಡುತ್ತಾರೆ, ಕೈಗೆ ಬರುವುದು ಹೆಚ್ಚೆಂದರೆ 17,951. ಪಾಸು ಕೂಡ ಮೊದಲ ಐದು ವರ್ಷ ವರ್ಷಕ್ಕೆ ಒಂದೇ ಸೆಟ್ (ಹೋಗಿ ಬರುವ ಒಂದು ಪ್ರಯಾಣ), ಆಮೇಲೆ ಮೂರು. ಪಿಂಚಣಿ ಬಗ್ಗೆ ಹಳೆಯ ನೌಕರರು ಹೇಳುವ ಕಥೆ ನಿಮಗೆ ಅನ್ವಯಿಸುವುದಿಲ್ಲ. 2004ರ ಜನವರಿ 1ರಿಂದ ಸೇರಿದವರಿಗೆ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ), 2025ರ ಏಪ್ರಿಲ್‌ನಿಂದ ಬೇಕಾದವರಿಗೆ ಯುಪಿಎಸ್ (ಏಕೀಕೃತ ಪಿಂಚಣಿ ಯೋಜನೆ) ಆಯ್ಕೆ ಇದೆ.

ಅಪ್ಪ ಸ್ವಇಚ್ಛೆಯಿಂದ ನಿವೃತ್ತಿ ತಗೊಂಡು ಮಗನಿಗೆ ಕೆಲಸ ಬಿಟ್ಟುಕೊಡುವ ಯೋಜನೆಯೂ ಈಗಿಲ್ಲ. ರೈಲ್ವೆ ಕಾಲೋನಿಗಳಲ್ಲಿ ಇನ್ನೂ ಅದನ್ನೇ ನಂಬಿ ಕೂತವರಿದ್ದಾರೆ, ಅದಕ್ಕೇ ಹೇಳಿದ್ದು.

ಐಟಿಐ ಆದವರಿಗೆ: ಅಸಿಸ್ಟೆಂಟ್ ಲೋಕೋ ಪೈಲಟ್ (ಎಎಲ್‌ಪಿ) ಅಥವಾ ಟೆಕ್ನಿಷಿಯನ್?

ಎರಡೂ ಲೆವೆಲ್ 2. ಓದು ಹೆಚ್ಚುಕಡಿಮೆ ಒಂದೇ. ಹುಡುಗರಲ್ಲಿ ಹೆಚ್ಚಿನವರು ಎಎಲ್‌ಪಿ ಕಡೆ ಓಡುತ್ತಾರೆ. ಕಾರಣ ಸರಳ, ಎಂಜಿನ್ ಓಡಿಸುವ ಆಸೆ, ಜೊತೆಗೆ ಕಿಲೋಮೀಟರ್ ಲೆಕ್ಕದ ರನ್ನಿಂಗ್ ಭತ್ಯೆ. ಈ ಭತ್ಯೆ ಸಣ್ಣದಲ್ಲ. ಗಾಡಿಯ ಜೊತೆಗೇ ಓಡಾಡುವ ರನ್ನಿಂಗ್ ಸಿಬ್ಬಂದಿಗೆ ಮೂಲ ವೇತನದ 30%ರಷ್ಟನ್ನು ಸಂಬಳದ ಭಾಗ ಅಂತಲೇ ಹಿಡಿಯುವ ನಿಯಮವೂ ಇದೆ. ಅದೇ ಲೆವೆಲ್‌ನ ಟೆಕ್ನಿಷಿಯನ್‌ಗಿಂತ ಎಎಲ್‌ಪಿ ಕೈಗೆ ಜಾಸ್ತಿ ಬರುತ್ತದೆ, ಸಂಶಯವಿಲ್ಲ. ಮುಂದಕ್ಕೆ ಲೋಕೋ ಪೈಲಟ್ ಗೂಡ್ಸ್, ಪ್ಯಾಸೆಂಜರ್, ಮೇಲ್ ಅಂತ ಏಣಿಯೂ ಸ್ಪಷ್ಟವಾಗಿದೆ.

ಆದರೆ ಆ ದುಡ್ಡು ಹೇಗೆ ಬರುತ್ತದೆ ನೋಡಿ.

ಗೂಡ್ಸ್ ಗಾಡಿಯ ಎಎಲ್‌ಪಿಗೆ ಟೈಮ್ ಟೇಬಲ್ ಇಲ್ಲ. ಗಾಡಿ ಬಂದಾಗ ಡ್ಯೂಟಿ. ರಾತ್ರಿ ಹನ್ನೊಂದಕ್ಕೆ ಫೋನ್ ಬರುತ್ತದೆ, ಅದಕ್ಕೆ 'ಕಾಲ್' ಅನ್ನುತ್ತಾರೆ. ರಾತ್ರಿ ಒಂದಕ್ಕೆ ಲಾಬಿಯಲ್ಲಿ, ಅಂದರೆ ಸಿಬ್ಬಂದಿ ಹಾಜರಿ ಹಾಕುವ ಆಫೀಸಿನಲ್ಲಿ, ಸೈನ್ ಆನ್ ಆಗಬೇಕು. ಹಿಂದೆ ಕಾಲ್ ಬಾಯ್ ಮನೆ ಬಾಗಿಲು ತಟ್ಟುತ್ತಿದ್ದ, ಈಗ ಕಂಪ್ಯೂಟರ್ ಮೆಸೇಜ್ ಕಳಿಸುತ್ತದೆ. ಲಾಬಿಗೆ ಹೋದ ಕೂಡಲೇ ಕೊಳವೆ ಊದಿ ಮದ್ಯ ಕುಡಿದಿಲ್ಲ ಅಂತ ತೋರಿಸಬೇಕು. ಎಲ್ಲೆಲ್ಲಿ ವೇಗ ಇಳಿಸಬೇಕು ಅನ್ನುವ ಕಾಷನ್ ಆರ್ಡರ್ ಓದಿ ಸಹಿ ಹಾಕಬೇಕು. ಆಮೇಲೆ ಎಂಜಿನ್ ಚೆಕ್ ಮಾಡಿ ಹೊರಡುವುದು. ದಾರಿಯಲ್ಲಿ ಪ್ರತಿ ಸಿಗ್ನಲ್ಲಿನ ಬಣ್ಣವನ್ನು ಲೋಕೋ ಪೈಲಟ್ ಮತ್ತು ಅಸಿಸ್ಟೆಂಟ್ ಒಬ್ಬರಿಗೊಬ್ಬರು ಜೋರಾಗಿ ಕೂಗಿ ಹೇಳಬೇಕು. ಒಂದು ನಿಮಿಷ ಹಾರ್ನ್, ಬ್ರೇಕ್, ಥ್ರಾಟಲ್ ಯಾವುದನ್ನೂ ಮುಟ್ಟದಿದ್ದರೆ ವಿಜಿಲೆನ್ಸ್ ಯಂತ್ರ ಎಚ್ಚರಿಸುತ್ತದೆ. ಬಟನ್ ಒತ್ತದಿದ್ದರೆ ಅದೇ ಬ್ರೇಕ್ ಹಾಕಿಬಿಡುತ್ತದೆ.

ಅರ್ಧ ದಾರಿಯಲ್ಲಿ ಯಾವುದೋ ಸಣ್ಣ ಸ್ಟೇಷನ್ನಿನ ಲೂಪ್ ಲೈನಿಗೆ, ಅಂದರೆ ಪಕ್ಕದ ಹಳಿಗೆ, ಹಾಕುತ್ತಾರೆ. ಹಿಂದಿನಿಂದ ಎಕ್ಸ್‌ಪ್ರೆಸ್ ಬರುತ್ತಿದೆ, ಎದುರಿಂದ ಇನ್ನೊಂದು. ಎರಡು ಗಂಟೆ ನಿಂತಲ್ಲೇ. ಬಹುತೇಕ ಎಂಜಿನ್‌ಗಳಲ್ಲಿ ಶೌಚಾಲಯ ಇಲ್ಲ. ಹೊಸ ಕೆಲವಲ್ಲಿ ಬರುತ್ತಿದೆ, ಎಸಿ ಕ್ಯಾಬಿನ್ ಕೂಡ ಬರುತ್ತಿದೆ, ಆದರೆ ಇವತ್ತು ನಿಮಗೆ ಸಿಗುವ ಎಂಜಿನ್ ಯಾವುದು ಅನ್ನುವುದು ಅದೃಷ್ಟ. ಬೆಳಗ್ಗೆ ಹೊಸಪೇಟೆಯೋ ಇನ್ನೆಲ್ಲೋ ತಲುಪಿ ರನ್ನಿಂಗ್ ರೂಮಿನಲ್ಲಿ, ಅಂದರೆ ಸಿಬ್ಬಂದಿಯ ವಿಶ್ರಾಂತಿ ಗೃಹದಲ್ಲಿ, ಮಲಗುವುದು. ಎಂಟು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿದು ಬಂದಿದ್ದರೆ ಹೊರ ಊರಲ್ಲಿ ಎಂಟು ಗಂಟೆ ವಿಶ್ರಾಂತಿ, ಸ್ವಂತ ಊರಲ್ಲಿ ಹದಿನಾರು ಗಂಟೆ. ಎಂಟು ಗಂಟೆ ಮುಗಿದ ಕೂಡಲೇ ಮತ್ತೆ ಕಾಲ್. ವಾಪಸ್ ಊರಿನ ಕಡೆಗೇ ಗಾಡಿ ಸಿಗುತ್ತದೆ ಅಂತಲೂ ಇಲ್ಲ. ಮನೆ ಮುಟ್ಟುವುದು ಒಂದೊಂದು ಸಲ ಮೂರನೇ ದಿನ.

ವಾರದ ರಜೆಯ ಲೆಕ್ಕವೂ ಬೇರೆ. ತಿಂಗಳಿಗೆ 30 ಗಂಟೆಯ ನಾಲ್ಕು ವಿಶ್ರಾಂತಿ, ಇಲ್ಲವೇ 22 ಗಂಟೆಯ ಐದು. ಈ 30 ಗಂಟೆಯೊಳಗೇ ಹದಿನಾರು ಗಂಟೆಯ ದಿನದ ವಿಶ್ರಾಂತಿಯೂ ಸೇರಿಹೋಗುತ್ತದೆ, ಎರಡನ್ನೂ ಬೇರೆ ಬೇರೆ ಕೊಟ್ಟು 46 ಗಂಟೆ ಮಾಡಿ ಅನ್ನುವುದು ಲೋಕೋ ಪೈಲಟ್‌ಗಳ ಹಳೆಯ ಬೇಡಿಕೆ. ಸತತ ಎರಡು ರಾತ್ರಿಗಿಂತ ಹೆಚ್ಚು ಡ್ಯೂಟಿ ಬೇಡ ಅನ್ನುವುದು ಇನ್ನೊಂದು. 2024ರ ಜೂನ್‌ನಲ್ಲಿ ದಕ್ಷಿಣ ರೈಲ್ವೆಯ ಲೋಕೋ ಪೈಲಟ್‌ಗಳು ಇದಕ್ಕಾಗಿಯೇ ಹೋರಾಟಕ್ಕೆ ಇಳಿದರು. ಕೇಳುತ್ತಿರುವುದು ಒಂದು ಪೂರ್ತಿ ಭಾನುವಾರದಷ್ಟು ಬಿಡುವು. ಸಂಬಳ ಜಾಸ್ತಿ ಮಾಡಿ ಅಂತಲ್ಲ.

ಇನ್ನೊಂದು ವಿಷಯ ಕೋಚಿಂಗ್ ಸೆಂಟರಿನವರು ಹೇಳುವುದಿಲ್ಲ. ಹಳಿಗೆ ಅಡ್ಡ ಬಂದು ಸಾಯುವವರನ್ನು ನೀವು ಕಣ್ಣಾರೆ ನೋಡುತ್ತೀರಿ. ಗೂಡ್ಸ್ ಗಾಡಿ ಸಾವಿರಾರು ಟನ್ ಇರುತ್ತದೆ, ಬ್ರೇಕ್ ಹಾಕಿದರೂ ನಿಲ್ಲುವುದು ಎಷ್ಟೋ ದೂರದಲ್ಲಿ. ಆಮೇಲೆ ಕಿಲೋಮೀಟರ್ ಕಲ್ಲಿನ ಸಂಖ್ಯೆ ಬರೆದುಕೊಂಡು ಮುಂದಿನ ಸ್ಟೇಷನ್ನಿಗೆ ತಿಳಿಸಿ ಗಾಡಿ ಓಡಿಸಬೇಕು. ಹಿರಿಯ ಲೋಕೋ ಪೈಲಟ್‌ಗಳ ಜೊತೆ ಕೂತು ಮಾತಾಡಿ. ಯಾರೂ ತಾವಾಗೇ ಈ ವಿಷಯ ತೆಗೆಯುವುದಿಲ್ಲ, ಕೇಳಿದರೆ ಕಲ್ಲಿನ ಸಂಖ್ಯೆ ಸಮೇತ ನೆನಪಿರುತ್ತದೆ.

ಟೆಕ್ನಿಷಿಯನ್ ಕಡೆ ಬನ್ನಿ. ಇದರಲ್ಲೂ ಎರಡು ಜಾತಿ. ಹುಬ್ಬಳ್ಳಿ ಅಥವಾ ಮೈಸೂರಿನ ವರ್ಕ್‌ಶಾಪಿನಲ್ಲಿ, ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕರೆ ಅದು ಫ್ಯಾಕ್ಟರಿ ಬದುಕು. ಗಂಟೆ ಹೊಡೆದಾಗ ಒಳಗೆ, ಗಂಟೆ ಹೊಡೆದಾಗ ಹೊರಗೆ. ಕೃಷ್ಣರಾಜಪುರಂ ಲೋಕೋ ಶೆಡ್ಡಿನಂಥ ಕಡೆ ಪಾಳಿ ಇರುತ್ತದೆ, ಆದರೂ ಪಾಳಿ ಯಾವುದು ಅಂತ ಮೊದಲೇ ಗೊತ್ತು. ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಬಹುದಾ ಇಲ್ವಾ ಅಂತ ಹದಿನೈದು ದಿನ ಮೊದಲು ಹೇಳಬಲ್ಲ ಕೆಲಸ ಇದು.

ಲೈನಿನ ಮೇಲೆ ಕೆಲಸ ಮಾಡುವ ಸಿಗ್ನಲ್ ಮತ್ತು ವಿದ್ಯುತ್ ವಿಭಾಗದ ಟೆಕ್ನಿಷಿಯನ್‌ಗಳ ಕಥೆ ಬೇರೆ. ಸಿಗ್ನಲ್ ಕೆಟ್ಟರೆ ನಡುರಾತ್ರಿಯಾದರೂ ಹೋಗಬೇಕು. ಗಾಡಿ ನಿಂತ ಒಂದೊಂದು ನಿಮಿಷಕ್ಕೂ ಗಾಡಿ ಓಡಾಟ ನಿಯಂತ್ರಿಸುವ ಕಂಟ್ರೋಲ್ ಆಫೀಸಿನಿಂದ ಫೋನ್ ಬರುತ್ತಿರುತ್ತದೆ. ವಿದ್ಯುತ್ ತಂತಿ ಕೆಲಸದವರದ್ದು 25,000 ವೋಲ್ಟ್ ಜೊತೆ ಒಡನಾಟ. ಪವರ್ ಬ್ಲಾಕ್ ಸಿಕ್ಕಿದೆ, ಅಂದರೆ ಕರೆಂಟ್ ತೆಗೆದಿದ್ದಾರೆ ಅಂತ ಬಾಯಿ ಮಾತಲ್ಲಿ ನಂಬಿ ಹತ್ತುವ ಹಾಗಿಲ್ಲ. ಕಾಗದ, ಸಂಖ್ಯೆ, ಅರ್ಥ್ ಹಾಕಿದ ಮೇಲೆ ಮಾತ್ರ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಎಷ್ಟು ಹೊತ್ತಿಗೆ ಮಲಗಿದರೂ ಐದು ನಿಮಿಷದಲ್ಲಿ ನಿದ್ದೆ ಬರುವವರಾಗಿದ್ದರೆ, ಮನೆಯಲ್ಲಿ ನಿಮ್ಮನ್ನೇ ನೆಚ್ಚಿಕೊಂಡ ಕಾಯಿಲೆಯವರು ಇಲ್ಲದಿದ್ದರೆ ಎಎಲ್‌ಪಿ ಹಾಕಿ. ಇಲ್ಲದಿದ್ದರೆ ವರ್ಕ್‌ಶಾಪ್ ಟೆಕ್ನಿಷಿಯನ್. ತಿಂಗಳಿಗೆ ಕೆಲವು ಸಾವಿರ ಕಡಿಮೆ ಬರುತ್ತದೆ. ಬರಲಿ.

ಡಿಗ್ರಿ ಆದವರಿಗೆ: ಸ್ಟೇಷನ್ ಮಾಸ್ಟರ್ ಅಥವಾ ಟ್ರೇನ್ ಮ್ಯಾನೇಜರ್?

ಟ್ರೇನ್ ಮ್ಯಾನೇಜರ್ ಅಂದರೆ ಹಿಂದಿನ ಗಾರ್ಡ್. 2022ರಲ್ಲಿ ಹೆಸರು ಬದಲಾಯಿತು. ಗೂಡ್ಸ್ ಗಾಡಿಯ ಕೊನೆಯ ಬ್ರೇಕ್ ವ್ಯಾನ್ ಬದಲಾಗಲಿಲ್ಲ. ಬಹಳಷ್ಟು ವ್ಯಾನ್‌ಗಳಲ್ಲಿ ದೀಪವಿಲ್ಲ, ಫ್ಯಾನ್ ಇಲ್ಲ, ಶೌಚಾಲಯವಿಲ್ಲ. ಕಬ್ಬಿಣದ ಪೆಟ್ಟಿಗೆ, ಬೇಸಿಗೆಯಲ್ಲಿ ಬಳ್ಳಾರಿ ಕಡೆ ಹೋದರೆ ಮೈಯೆಲ್ಲ ಬೆವರು ಮತ್ತು ಅದಿರಿನ ಕೆಂಪು ಧೂಳು. ಎಎಲ್‌ಪಿಗಾದರೆ ಪಕ್ಕದಲ್ಲಿ ಇನ್ನೊಬ್ಬರಿರುತ್ತಾರೆ. ಟ್ರೇನ್ ಮ್ಯಾನೇಜರ್ ಒಬ್ಬಂಟಿ, ಕೈಯಲ್ಲಿ ವಾಕಿಟಾಕಿ. ಕಾಲ್, ಲಾಬಿ, ರನ್ನಿಂಗ್ ರೂಮ್ ಎಲ್ಲ ಅದೇ. ರನ್ನಿಂಗ್ ಭತ್ಯೆಯೂ ಇದೆ, ಹಾಗಾಗಿ ಲೆವೆಲ್ 5 ಆದರೂ ಕೈಗೆ ಬರುವುದು ಸ್ಟೇಷನ್ ಮಾಸ್ಟರ್‌ಗೆ ಹತ್ತಿರ ಹತ್ತಿರ ಹೋಗುತ್ತದೆ. ಗಾಡಿಯ ಕೊನೆಗೆ ಮನುಷ್ಯನ ಬದಲು ಯಂತ್ರ ಇಡುವ ಪ್ರಯತ್ನ ನಡೆಯುತ್ತಿದೆ ಅನ್ನುವುದೂ ಗಮನದಲ್ಲಿರಲಿ. ಕೆಲಸ ಹೋಗುವುದಿಲ್ಲ, ಆದರೆ ಎಲ್ಲಿಗೆ ಹಾಕುತ್ತಾರೆ ಅನ್ನುವ ಪ್ರಶ್ನೆ ಇದ್ದೇ ಇರುತ್ತದೆ.

ಸ್ಟೇಷನ್ ಮಾಸ್ಟರ್ ಅಂದರೆ ಜನ ಬೆಂಗಳೂರಿನ ದೊಡ್ಡ ನಿಲ್ದಾಣ, ಬಿಳಿ ಯೂನಿಫಾರ್ಮ್ ನೆನೆಸಿಕೊಳ್ಳುತ್ತಾರೆ. ಹೊಸಬರಿಗೆ ಸಿಗುವುದು ಊರಿಂದ ದೂರದ ಸಣ್ಣ ಸ್ಟೇಷನ್. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯನ್ನೇ ತಗೊಳ್ಳಿ. 55 ಕಿಲೋಮೀಟರ್ ದಾರಿ, 57 ಸುರಂಗ, ಐವತ್ತು ಮೀಟರಿಗೆ ಒಂದು ಮೀಟರ್ ಏರು. ಅದರ ನಡುವೆ ಎಡಕುಮೇರಿ. ಸುತ್ತ ಕಾಡು, ಅಕ್ಕಿ ಬೇಳೆಯೂ ರೈಲಿನಲ್ಲೇ ಬರಬೇಕು. 2024ರ ಜುಲೈನಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಗುಡ್ಡ ಕುಸಿದು ಮಾರ್ಗವೇ ಬಂದ್ ಆಗಿತ್ತು. ಚಾರಣಕ್ಕೆ ಹೋಗುವವರಿಗೆ ಆ ಜಾಗ ಸ್ವರ್ಗ. ಅಲ್ಲಿ ಹನ್ನೆರಡು ಗಂಟೆ ಡ್ಯೂಟಿ ಮಾಡುವವರನ್ನು ಕೇಳಿದರೆ ಬೇರೆ ಉತ್ತರ ಸಿಗುತ್ತದೆ.

ಕೆಲಸ ಹೊರಗಿಂದ ನೋಡಿದರೆ ಸುಲಭ. ರಾತ್ರಿ ಎರಡು ಗಂಟೆ ಅನ್ನಿ. ಪಕ್ಕದ ಸ್ಟೇಷನ್ನಿನವರು ಬ್ಲಾಕ್ ಫೋನಿನಲ್ಲಿ ಲೈನ್ ಕ್ಲಿಯರ್, ಅಂದರೆ ಗಾಡಿ ಕಳಿಸಲು ಒಪ್ಪಿಗೆ, ಕೇಳುತ್ತಾರೆ. ಹಿಂದಿನ ಗಾಡಿ ಪೂರ್ತಿ ಒಳಗೆ ಬಂದಿದೆಯಾ, ಲೈನ್ ಖಾಲಿ ಇದೆಯಾ ಅಂತ ಖಾತ್ರಿ ಮಾಡಿಕೊಂಡು ಕೊಡಬೇಕು. ಪ್ಯಾನೆಲ್ ಮೇಲೆ ದಾರಿ ಮಾಡಿ ಗಾಡಿಗೆ ಸಿಗ್ನಲ್ ಕೊಡಬೇಕು. ಗೇಟ್‌ಮನ್‌ಗೆ ಫೋನ್ ಮಾಡಿ ಗೇಟ್ ಮುಚ್ಚಿದ್ದಕ್ಕೆ ಆತನ ಹಾಳೆಯಿಂದ ಎರಡಂಕಿಯ ಪ್ರೈವೇಟ್ ನಂಬರ್ ಪಡೆಯಬೇಕು. ಪ್ರತಿಯೊಂದನ್ನೂ ನಿಮಿಷ ಸಮೇತ ರಿಜಿಸ್ಟರಿನಲ್ಲಿ ಬರೆಯಬೇಕು. ಗಾಡಿ ಹೋಗುವಾಗ ಹಸಿರು ದೀಪ ಹಿಡಿದು ಪ್ಲಾಟ್‌ಫಾರಂ ಮೇಲೆ ನಿಂತು ನೋಡಬೇಕು. ಯಾವುದಾದರೂ ಗಾಲಿ ಬಿಸಿಯಾಗಿ ಹೊಗೆ ಬರುತ್ತಿದೆಯಾ, ಏನಾದರೂ ಕೆಳಗೆ ನೇತಾಡುತ್ತಿದೆಯಾ, ಕೊನೆಯ ಬೋಗಿಯ ಹಿಂದೆ ಎಲ್‌ವಿ (ಲಾಸ್ಟ್ ವೆಹಿಕಲ್) ಬೋರ್ಡ್ ಅಥವಾ ಕೆಂಪು ದೀಪ ಇದೆಯಾ. ಅದು ಕಾಣಲಿಲ್ಲ ಅಂದರೆ ಗಾಡಿಯ ಅರ್ಧ ಭಾಗ ಹಿಂದೆ ಉಳಿದಿರಬಹುದು. ಇದನ್ನು ರಾತ್ರಿಯಿಡೀ, ಗಾಡಿಯ ಮೇಲೆ ಗಾಡಿ. ಜೊತೆಗಿರುವುದು ಒಬ್ಬ ಪಾಯಿಂಟ್ಸ್‌ಮನ್.

ಇಲ್ಲಿ ಒಂದು ಲೆಕ್ಕ ಗೊತ್ತಿರಲಿ. ಗಾಡಿ ಓಡಾಟ ಜಾಸ್ತಿ ಇರುವ ಸ್ಟೇಷನ್‌ಗಳಲ್ಲಿ ಎಂಟು ಗಂಟೆ ಪಾಳಿ, ಕಡಿಮೆ ಇದೆ ಅಂತ ವರ್ಗೀಕರಿಸಿದ ಕಡೆ ಹನ್ನೆರಡು ಗಂಟೆ. ಆ ಹನ್ನೆರಡು ಗಂಟೆಯ ಸ್ಟೇಷನ್ನಿನಲ್ಲೂ ಗಾಡಿಗಳು ಹೆಚ್ಚುತ್ತಲೇ ಹೋಗುತ್ತವೆ, ವರ್ಗ ಬದಲಾಗುವುದು ಮಾತ್ರ ನಿಧಾನ. ವಾರದ ರಜೆ ಸಿಗುವುದು ರೆಸ್ಟ್ ಗಿವರ್ ಅಂದರೆ ಬದಲಿ ಸ್ಟೇಷನ್ ಮಾಸ್ಟರ್ ಬಂದರೆ. ತಂಗಿ ಮದುವೆಗೆ ರಜೆ ಕೇಳಿದರೆ "ಬದಲಿ ಯಾರಿದ್ದಾರೆ?" ಅನ್ನುವ ಪ್ರಶ್ನೆಯೇ ಮೊದಲು ಬರುತ್ತದೆ. ಇನ್ನು ರಾತ್ರಿ ಪಾಳಿ ಭತ್ಯೆ ಇದೆ, ಆದರೆ ಮೂಲ ವೇತನ 43,600 ದಾಟಿದರೆ ಅದು ಇಲ್ಲ. ಅಂದರೆ ವಯಸ್ಸಾಗಿ ರಾತ್ರಿ ಎಚ್ಚರ ಇರುವುದು ಕಷ್ಟವಾಗುವ ಹೊತ್ತಿಗೆ ಭತ್ಯೆಯೂ ನಿಲ್ಲುತ್ತದೆ!

ಆದರೂ ಡಿಗ್ರಿಯವರಿಗೆ ನಾನು ಹೇಳುವುದು ಸ್ಟೇಷನ್ ಮಾಸ್ಟರ್ ಅಂತಲೇ. ಡ್ಯೂಟಿ ಮುಗಿದ ಮೇಲೆ ಎಲ್ಲಿ ಇರುತ್ತೀರಿ ಅಂತ ಗೊತ್ತಿದೆ. ನಾಳೆ ಪಾಳಿ ಎಷ್ಟು ಹೊತ್ತಿಗೆ ಅಂತ ಗೊತ್ತಿದೆ. ಕೆಲವು ವರ್ಷ ಕಳೆದ ಮೇಲೆ ಶಾಲೆ, ಆಸ್ಪತ್ರೆ ಇರುವ ಊರಿಗೆ ವರ್ಗ ಕೇಳಬಹುದು.

ತಪ್ಪಾದರೆ ಏನಾಗುತ್ತದೆ

ಇದನ್ನು ಬೇರೆಯಾಗಿ ಹೇಳಲೇಬೇಕು. ರೈಲ್ವೆಯಲ್ಲಿ ಎಸ್‌ಎಫ್-11 ಅಂದರೆ ಸಣ್ಣ ಶಿಕ್ಷೆಯ ಚಾರ್ಜ್‌ಶೀಟ್, ಎಸ್‌ಎಫ್-5 ಅಂದರೆ ದೊಡ್ಡದು. ಆಫೀಸ್ ಗುಮಾಸ್ತರು ಪೂರ್ತಿ ಸರ್ವಿಸ್‌ನಲ್ಲಿ ಎರಡನ್ನೂ ನೋಡದೆ ಹೋಗಬಹುದು. ಲೋಕೋ ಪೈಲಟ್ ಒಂದು ಕೆಂಪು ಸಿಗ್ನಲ್ ದಾಟಿದರೆ, ಯಾರಿಗೂ ಗಾಯವಾಗದಿದ್ದರೂ, ನೌಕರಿಗೇ ಕುತ್ತು. ಸ್ಟೇಷನ್ ಮಾಸ್ಟರ್ ಒಂದು ಕಾಗದ ತಪ್ಪು ಕೊಟ್ಟರೂ ಹಾಗೇ.

2024ರ ಜೂನ್ 17ರಂದು ಪಶ್ಚಿಮ ಬಂಗಾಳದ ರಂಗಾಪಾನಿ ಹತ್ತಿರ ಗೂಡ್ಸ್ ಗಾಡಿಯೊಂದು ಕಾಂಚನಜುಂಗಾ ಎಕ್ಸ್‌ಪ್ರೆಸ್‌ಗೆ ಹಿಂದಿನಿಂದ ಗುದ್ದಿತು. ಅಂದು ಸಂಜೆಯೊಳಗೇ ಗೂಡ್ಸ್ ಗಾಡಿಯ ಲೋಕೋ ಪೈಲಟ್ ಮೇಲೆ ಬೊಟ್ಟು ಮಾಡಿದ್ದಾಯಿತು. ಅವರು ಆ ಅಪಘಾತದಲ್ಲೇ ತೀರಿಕೊಂಡಿದ್ದರು. ಆಮೇಲೆ ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆಯಲ್ಲಿ ಹೊರಬಿದ್ದದ್ದು ಬೇರೆ. ಆಟೋಮ್ಯಾಟಿಕ್ ಸಿಗ್ನಲ್ ಕೆಟ್ಟಾಗ ಗಾಡಿ ಹೇಗೆ ಓಡಿಸಬೇಕು ಅಂತ ಲೋಕೋ ಪೈಲಟ್‌ಗಳಿಗೂ ಸ್ಟೇಷನ್ ಮಾಸ್ಟರ್‌ಗಳಿಗೂ ಸರಿಯಾಗಿ ತಿಳಿಸಿ ಹೇಳಿರಲಿಲ್ಲ. ಹಲವು ಹಂತಗಳಲ್ಲಿ ಲೋಪ ಇತ್ತು. ಅದರ ಹಿಂದಿನ ವರ್ಷ, 2023ರ ಜೂನ್ 2ರಂದು ಒಡಿಶಾದ ಬಹನಾಗಾ ಬಜಾರ್‌ನಲ್ಲಿ 290ಕ್ಕೂ ಹೆಚ್ಚು ಜನ ಸತ್ತಾಗ ಸಿಬಿಐ ಮೊದಲು ಬಂಧಿಸಿದ್ದು ಸಿಗ್ನಲ್ ವಿಭಾಗದ ಮೂವರನ್ನು. ಅವರಲ್ಲಿ ಒಬ್ಬರು ಟೆಕ್ನಿಷಿಯನ್.

ಹೆದರಿಸಲು ಹೇಳುತ್ತಿಲ್ಲ. ಸಿಗ್ನಲ್ ಕೆಲಸ ಶುರು ಮಾಡುವ ಮೊದಲು ಡಿಸ್‌ಕನೆಕ್ಷನ್ ಮೆಮೊ (ಈ ಸಿಗ್ನಲ್ ಸದ್ಯ ಬಳಕೆಯಲ್ಲಿಲ್ಲ ಅಂತ ಸ್ಟೇಷನ್ ಮಾಸ್ಟರ್‌ಗೆ ತಿಳಿಸುವ ಕಾಗದ) ಕೊಡಬೇಕು ಅನ್ನುವ ನಿಯಮ ಇದೆ. "ಐದು ನಿಮಿಷದ ಕೆಲಸ, ಮೆಮೊ ಯಾಕೆ, ಗಾಡಿ ಲೇಟಾಗುತ್ತೆ" ಅಂತ ಮೇಲಿನವರೇ ಹೇಳುವ ದಿನ ಬರುತ್ತದೆ. ಆಗ ಬೇಡ ಅನ್ನುವ ಗಟ್ಟಿತನ ಇರಬೇಕು. ಆ ಸ್ವಭಾವ ನಿಮ್ಮದಲ್ಲ ಅಂದರೆ ಗಾಡಿ ಓಡಾಟಕ್ಕೆ ನೇರ ಸಂಬಂಧವಿಲ್ಲದ ಹುದ್ದೆ ನೋಡಿಕೊಳ್ಳಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಟಿಕೆಟ್ ಕೌಂಟರ್ ಮತ್ತು ಆಫೀಸ್

ಆಫೀಸ್ ಗುಮಾಸ್ತರ ಕೆಲಸದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಬೆಳಗ್ಗೆ ಹೋಗಿ ಸಂಜೆ ಬರುವುದು, ಭಾನುವಾರ ಮನೆ, ಹಬ್ಬಕ್ಕೆ ರಜೆ. ಹುಬ್ಬಳ್ಳಿ, ಬೆಂಗಳೂರು, ಮೈಸೂರಿನಂಥ ಊರು. ಕೆಎಎಸ್ ಓದಬೇಕು ಅಂತಿರುವವರಿಗೆ ಇದೇ ಸರಿ.

ಟಿಕೆಟ್ ಕೌಂಟರ್ ಹಾಗಲ್ಲ. ಡ್ಯೂಟಿಗೆ ಕೂರುವ ಮೊದಲು ಜೇಬಿನಲ್ಲಿರುವ ಸ್ವಂತ ದುಡ್ಡು ಎಷ್ಟು ಅಂತ ರಿಜಿಸ್ಟರಿನಲ್ಲಿ ಬರೆಯಬೇಕು. ಮಧ್ಯೆ ವಿಜಿಲೆನ್ಸ್‌ನವರು ಬಂದರೆ ಅದಕ್ಕೂ ಗಲ್ಲಾಕ್ಕೂ ತಾಳೆ ಆಗಬೇಕು. ಪ್ರಯಾಣಿಕರ ವೇಷದಲ್ಲೂ ಬರುತ್ತಾರೆ. ಕೊನೆಗೆ ನೂರು ರೂಪಾಯಿ ಕಡಿಮೆ ಬಂದರೆ ಕೈಯಿಂದ ಕಟ್ಟಬೇಕು. ಗಾಡಿ ಬರಲು ಮೂರು ನಿಮಿಷ ಇರುವಾಗ ಐನೂರರ ನೋಟು ಹಿಡಿದು ಹತ್ತು ರೂಪಾಯಿ ಟಿಕೆಟ್ ಕೇಳುವವರ ಸಾಲು ನೀವೂ ನೋಡಿರುತ್ತೀರಿ, ಅಲ್ವಾ? ಈಗ ಮೊಬೈಲ್ ಟಿಕೆಟ್, ಯಂತ್ರದ ಟಿಕೆಟ್ ಜಾಸ್ತಿಯಾಗಿ ಆ ಸಾಲು ಕರಗುತ್ತಿದೆ. ಕೌಂಟರ್‌ಗಳೂ ಕಡಿಮೆಯಾಗುತ್ತವೆ.

ಹತ್ತನೇ ತರಗತಿ ಮೇಲೆ: ಲೆವೆಲ್ 1

2024ರ ಲೆವೆಲ್ 1 ಅಧಿಸೂಚನೆಯಲ್ಲಿ ದೇಶಕ್ಕೆಲ್ಲ ಸೇರಿ 32,438 ಹುದ್ದೆ ಇದ್ದವು, ಅದರಲ್ಲಿ ಬೇರೆ ಯಾವ ಹುದ್ದೆಗಿಂತಲೂ ಜಾಸ್ತಿ ಇದ್ದದ್ದು ಟ್ರ್ಯಾಕ್ ಮೆಂಟೇನರ್ ಅಂದರೆ ಗ್ಯಾಂಗ್‌ಮನ್. ಅಂಕ ಕಡಿಮೆ ಬಂದವರಿಗೆ ಸಾಮಾನ್ಯವಾಗಿ ಉಳಿಯುವುದು ಇದೇ. ದೈಹಿಕ ಪರೀಕ್ಷೆಯೇ ಕೆಲಸ ಏನು ಅಂತ ಹೇಳಿಬಿಡುತ್ತದೆ. ಗಂಡಸರು 35 ಕೆಜಿ ಹೊತ್ತು, ಕೆಳಗಿಡದೆ, 100 ಮೀಟರ್ ದೂರವನ್ನು 2 ನಿಮಿಷದಲ್ಲಿ ಮುಗಿಸಬೇಕು. 1,000 ಮೀಟರ್ 4 ನಿಮಿಷ 15 ಸೆಕೆಂಡಿನಲ್ಲಿ ಓಡಬೇಕು. ಹೆಂಗಸರಿಗೆ 20 ಕೆಜಿ, ಓಟ 5 ನಿಮಿಷ 40 ಸೆಕೆಂಡ್.

ಗ್ಯಾಂಗಿನಲ್ಲಿ ದಿನಾ ಹಳಿ ನೋಡುತ್ತಾ ನಡೆಯುವ ಕೀಮ್ಯಾನ್ ಕೆಲಸ ಹತ್ತಿರದಿಂದ ನೋಡಿದವರಿಗೆ ರೈಲು ಹತ್ತುವಾಗ ಒಂದು ಗೌರವ ಹುಟ್ಟುತ್ತದೆ. ಹೆಗಲ ಮೇಲೆ ಸುತ್ತಿಗೆ, ಸ್ಪ್ಯಾನರ್, ಕೆಂಪು ಬಾವುಟ, ಅಪಾಯ ಕಂಡರೆ ಹಳಿ ಮೇಲೆ ಇಡುವ ಪಟಾಕಿ. ತನ್ನ ಬೀಟಿನ ಉದ್ದಕ್ಕೂ ನಡೆದು ಸಡಿಲವಾದ ಕ್ಲಿಪ್ಪಿಗೆ ಸುತ್ತಿಗೆಯಲ್ಲಿ ಒಂದು ಏಟು, ಫಿಶ್‌ಪ್ಲೇಟಿನ ಬೋಲ್ಟಿಗೆ ಒಂದು ತಿರುವು. ಒಂದು ಕಿಲೋಮೀಟರಿಗೆ ಸುಮಾರು 1,660 ಸ್ಲೀಪರ್. ನೋಡುತ್ತಾ ಹೋಗಬೇಕು. ಡೀಸೆಲ್ ಗಾಡಿಯ ಸದ್ದು ದೂರದಿಂದ ಕೇಳುತ್ತಿತ್ತು. ವಿದ್ಯುತ್ ಗಾಡಿ ಹತ್ತಿರ ಬರುವವರೆಗೂ ಗೊತ್ತಾಗುವುದಿಲ್ಲ. ಜೋಡಿ ಹಳಿಯಲ್ಲಿ ಒಂದು ಗಾಡಿಗೆ ಜಾಗ ಬಿಡಲು ಪಕ್ಕಕ್ಕೆ ಸರಿದು ಇನ್ನೊಂದಕ್ಕೆ ಸಿಕ್ಕವರಿದ್ದಾರೆ. ಮಳೆಗಾಲದಲ್ಲಿ ರಾತ್ರಿ ಗಸ್ತು ಬೇರೆ. ಘಾಟಿಯಲ್ಲಿ ಅದು ಏನು ಅಂತ ಊಹಿಸಿಕೊಳ್ಳಿ.

ಆದ್ಯತೆ ಬರೆಯುವಾಗ ವರ್ಕ್‌ಶಾಪ್, ಶೆಡ್ ಅಸಿಸ್ಟೆಂಟ್ ಮೇಲಿಡಿ. ಕಣ್ಣು ಚೆನ್ನಾಗಿದ್ದರೆ ಪಾಯಿಂಟ್ಸ್‌ಮನ್ ಅದರ ನಂತರ. ಟ್ರ್ಯಾಕ್ ಕೊನೆಗೆ. ಕೆಲಸ ಕೀಳು ಅಂತಲ್ಲ. ನಲವತ್ತೈದರ ಸೊಂಟ ಇಪ್ಪತ್ತೈದರದ್ದಲ್ಲ, ಅಷ್ಟೇ. ಗ್ಯಾಂಗಿಗೇ ಸೇರಿದರೆ ಮೊದಲ ವರ್ಷದಿಂದಲೇ ಇಲಾಖಾ ಪರೀಕ್ಷೆಗೆ ಓದಲು ಶುರುಮಾಡಿ.

ಹೆಣ್ಣುಮಕ್ಕಳಿಗೆ ಒಂದು ಮಾತು

ಸುರೇಖಾ ಯಾದವ್ 1980ರ ದಶಕದಲ್ಲೇ ಎಂಜಿನ್ ಹತ್ತಿದರು, 2023ರಲ್ಲಿ ಸೋಲಾಪುರ–ಮುಂಬೈ ವಂದೇ ಭಾರತ್ ಓಡಿಸಿದರು, 2025ರಲ್ಲಿ ನಿವೃತ್ತರಾದರು. ಹಾಗಾಗಿ "ಹೆಂಗಸರಿಗೆ ಆಗಲ್ಲ" ಅನ್ನುವ ಮಾತು ಬೇಡ. ಆದರೆ ಶೌಚಾಲಯವಿಲ್ಲದ ಎಂಜಿನ್‌ನಲ್ಲಿ ಎಂಟು ಹತ್ತು ಗಂಟೆ ನೀರು ಕುಡಿಯದೆ ಕೂರುವುದು ನಿಜವಾದ ಸಮಸ್ಯೆ. ಎಂಜಿನ್ ಹತ್ತಿದ ಹೆಣ್ಣುಮಕ್ಕಳೇ ಬೇರೆ ವಿಭಾಗಕ್ಕೆ ಹಾಕಿ ಅಂತ ಕೇಳಿಕೊಂಡದ್ದೂ ಇದೆ. ಸ್ಟೇಷನ್ ಮಾಸ್ಟರ್ ಆದರೆ ಮೊದಲ ಪೋಸ್ಟಿಂಗ್ ಯಾವ ಸ್ಟೇಷನ್, ರಾತ್ರಿ ಪಾಳಿಗೆ ಹೋಗಿಬರುವುದು ಹೇಗೆ, ಕ್ವಾರ್ಟರ್ಸ್ ವಾಸಕ್ಕೆ ಯೋಗ್ಯವಾ ಅಂತ ವಿಚಾರಿಸಿ. ಅದಕ್ಕೆ ನಾಚಿಕೊಳ್ಳಬೇಡಿ.

ಯಾವ ವಲಯ, ಯಾವ ಊರು

ನೈಋತ್ಯ ರೈಲ್ವೆಯ ಕೇಂದ್ರ ಹುಬ್ಬಳ್ಳಿ. 2003ರಲ್ಲಿ ಶುರುವಾದ ಈ ವಲಯಕ್ಕೆ ಹುಬ್ಬಳ್ಳಿ, ಬೆಂಗಳೂರು, ಮೈಸೂರು ಮೂರು ವಿಭಾಗ. ಆದರೆ ಕರ್ನಾಟಕದ ಎಲ್ಲ ಊರೂ ಇದರಲ್ಲಿ ಇಲ್ಲ. ಕಲಬುರಗಿ ಮಧ್ಯ ರೈಲ್ವೆಯ ಸೋಲಾಪುರ ವಿಭಾಗದಲ್ಲಿದೆ. ಬೀದರ್ ಸಿಕಂದರಾಬಾದ್ ವಿಭಾಗ. ಮಂಗಳೂರು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗ. ಕಾರವಾರದ ಕಡೆ ಕೊಂಕಣ ರೈಲ್ವೆ, ಅದು ಬೇರೆಯೇ ನಿಗಮ, ನೇಮಕಾತಿಯೂ ಬೇರೆ. ಮಂಗಳೂರಿನವರು ಬೆಂಗಳೂರಿನ ರೈಲ್ವೆ ನೇಮಕಾತಿ ಮಂಡಳಿಗೆ ಅರ್ಜಿ ಹಾಕಿ ಮಂಗಳೂರಿಗೇ ಬರುತ್ತೇನೆ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ. ಹಾಗೇ ನೈಋತ್ಯ ರೈಲ್ವೆ ಸಿಕ್ಕಿತು ಅಂದ ಮಾತ್ರಕ್ಕೆ ಕರ್ನಾಟಕದಲ್ಲೇ ಇರುತ್ತೀರಿ ಅಂತಲೂ ಇಲ್ಲ. ವಾಸ್ಕೋ, ಹೊಸೂರು, ಹಿಂದೂಪುರ ಕಡೆಯೂ ಇದರದ್ದೇ ಸ್ಟೇಷನ್‌ಗಳಿವೆ. ಒಂದು ಅಧಿಸೂಚನೆಗೆ ಒಂದೇ ಮಂಡಳಿಗೆ ಅರ್ಜಿ ಹಾಕಬಹುದು, ಹಾಗಾಗಿ ಮೊದಲೇ ಯೋಚಿಸಿ. ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು.

ಆಮೇಲೆ ವಲಯ ಬದಲಾಯಿಸಬೇಕು ಅಂದರೆ ಮ್ಯೂಚುಯಲ್‌ಗೆ, ಅಂದರೆ ಪರಸ್ಪರ ಜಾಗ ಅದಲುಬದಲು ಮಾಡಿಕೊಳ್ಳಲು, ಜೋಡಿ ಹುಡುಕಬೇಕು. ಇಲ್ಲವೇ ಸ್ವಂತ ಕೋರಿಕೆ ಮೇಲೆ ಹೋದರೆ ಹೊಸ ಜಾಗದಲ್ಲಿ ಸೀನಿಯಾರಿಟಿ ಪಟ್ಟಿಯ ಕೊನೆಗೆ ನಿಲ್ಲಬೇಕು. ಹತ್ತು ವರ್ಷದ ಸರ್ವಿಸ್ ಇದ್ದವರೂ ನಿನ್ನೆ ಸೇರಿದವರ ಹಿಂದೆ.

ಕಣ್ಣು ತೋರಿಸಿಕೊಂಡು ಬಂದು ಫಾರ್ಮ್ ತುಂಬಿ

ಎಎಲ್‌ಪಿಗೆ ಎ-1 ವೈದ್ಯಕೀಯ ಮಟ್ಟ ಬೇಕು. ಕನ್ನಡಕವಿಲ್ಲದೆ ಎರಡೂ ಕಣ್ಣು 6/6. ಲೇಸಿಕ್ ಮಾಡಿಸಿಕೊಂಡವರು ಅನರ್ಹರು. ಸ್ಟೇಷನ್ ಮಾಸ್ಟರ್, ಗೂಡ್ಸ್ ಟ್ರೇನ್ ಮ್ಯಾನೇಜರ್, ಪಾಯಿಂಟ್ಸ್‌ಮನ್‌ಗೆ ಎ-2, ಕನ್ನಡಕವಿಲ್ಲದೆ 6/9. ಬಣ್ಣ ಗುರುತಿಸುವ ಪರೀಕ್ಷೆಯೂ ಇದೆ. ಟಿಕೆಟ್ ಕ್ಲರ್ಕ್‌ಗೆ ಬಿ-2, ಆಫೀಸ್ ಕ್ಲರ್ಕ್‌ಗೆ ಸಿ-2, ಅಲ್ಲಿ ಕನ್ನಡಕ ನಡೆಯುತ್ತದೆ. ಎಎಲ್‌ಪಿ ಮತ್ತು ಸ್ಟೇಷನ್ ಮಾಸ್ಟರ್ ಇಬ್ಬರಿಗೂ ಕಂಪ್ಯೂಟರ್ ಮೇಲಿನ ಆಪ್ಟಿಟ್ಯೂಡ್ ಪರೀಕ್ಷೆ ಬೇರೆ, ಅದರ ಪ್ರತಿ ಭಾಗದಲ್ಲೂ 42 ಟಿ-ಸ್ಕೋರ್ ಬರಲೇಬೇಕು, ಯಾವ ಮೀಸಲಾತಿಗೂ ರಿಯಾಯಿತಿ ಇಲ್ಲ.

ಎರಡು ವರ್ಷ ಓದಿ, ಪರೀಕ್ಷೆ ಎಲ್ಲ ಪಾಸಾಗಿ, ಕೊನೆಗೆ ರೈಲ್ವೆ ಆಸ್ಪತ್ರೆಯ ಕಣ್ಣಿನ ಕೋಣೆಯಲ್ಲಿ ಬಿದ್ದುಹೋಗುವವರು ಪ್ರತಿ ಸಲ ಇರುತ್ತಾರೆ. ಮೆಡಿಕಲ್‌ನಲ್ಲಿ ಬಿದ್ದರೆ ಬೇರೆ ಹುದ್ದೆ ಕೊಡುವುದಿಲ್ಲ ಅಂತ ಅಧಿಸೂಚನೆಯಲ್ಲೇ ಬರೆದಿರುತ್ತಾರೆ. ಊರಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ "ರೈಲ್ವೆ ಎ-1ಕ್ಕೆ ನೋಡಿ, ಬಣ್ಣದ ಪರೀಕ್ಷೆಯೂ ಮಾಡಿ" ಅಂತ ಹೇಳಿ. ಕೆಲವು ನೂರು ರೂಪಾಯಿ ಖರ್ಚಾಗುತ್ತದೆ. ಆದ್ಯತೆಯ ಪಟ್ಟಿ ಅದಾದ ಮೇಲೆ ಬರೆಯಿರಿ.